ಓದು ಬಂದ ಮೇಲೆ

ಹೊಳೆದಂಡೆಯ ಮಠದಲ್ಲಿ ಸಂಜೆ ಹೊತ್ತು ದೊಡ್ಡವರ ಶಾಲೆ ನಡೆಯುತ್ತಿತ್ತು. ಹೊಲದಿಂದ ಬಂದವರು ಕೈಕಾಲು ತೊಳೆದು, ಬರೆಯುವ ಪಾಟಿ ಹಿಡಿದು ಕೂರುತ್ತಿದ್ದರು. ದೀಪದ ಎಣ್ಣೆಯನ್ನು ಊರಿನ ಮನೆಗಳು ಸರದಿಯ ಮೇಲೆ ಕೊಡುತ್ತಿದ್ದವು.

ಮಠದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಲಿಸುವ ಕೆಲಸ ಅವರ ಶಿಷ್ಯ ಚನ್ನವೀರನದು. ಒಳ್ಳೆಯ ಹುಡುಗ, ಲೆಕ್ಕಾಚಾರ ಮಾತ್ರ ಸ್ವಲ್ಪ ಜಾಸ್ತಿ.

ಒಂದು ದಿನ ಊರ ಹಿರಿಯರಾದ ಸಂಗನಗೌಡರು ಬಂದು ಅವನನ್ನು ಕೇಳಿದರು.

"ಎಣ್ಣಿ ಕೊಡಂಗಿಲ್ಲ ಅಂತ ಯಾರೂ ಅನ್ನಂಗಿಲ್ಲ. ಆದ್ರ ಈ ಸಾಲಿ ಎಂದ ಮುಗೀತೈತಿ?"

ಚನ್ನವೀರ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಓದಾಕ ಕಲತವರನ್ನ ಮನಿಗೆ ಕಳಸ್ತೀನ್ರಿ ಗೌಡ್ರ. ಎಲ್ಲಾರಿಗೂ ಓದು ಬಂದ ಮ್ಯಾಲೆ ದೀಪ ಆರಿಸಿದ್ರಾತು."

ಹೀಗೆ ಮೊದಲು ಎದ್ದು ಹೋಗಬೇಕಾದವಳು ಊರ ಸೂಲಗಿತ್ತಿ ಗದಿಗೆವ್ವ. ಎಲ್ಲರಿಗಿಂತ ಬೇಗ ಕಲಿತವಳು, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವಳೂ ಅವಳೇ.

"ನಿನಗ ಓದಾಕ ಬಂತಲ್ಲ ಯವ್ವಾ. ನಾಳಿಯಿಂದ ಬರಬ್ಯಾಡ," ಎಂದ ಚನ್ನವೀರ.

"ಅಕ್ಷರ ಬಂದಾವಪ್ಪಾ. ಆದ್ರ ಮಠದಾಗ ಹೆರಿಗೀದೊಂದು ಪುಸ್ತಕ ಐತಲ್ಲ, ಅದರಾಗ ಒಂದ ಸಾಲು ತಿಳಿದ್ರ ಇನ್ನೊಂದು ತಿಳೀವಲ್ದು. ಹೋದ ವರ್ಷ ನನ್ನ ಮಗಳ ಕೂಸು ನನ್ನ ಕೈಯಾಗ ಹೋತು. ಯಾಕ ಹೋತು ಅಂತ ನನಗ ಇನ್ನೂ ಗೊತ್ತಿಲ್ಲ. ಈಗ ಆಕಿಗೆ ಮತ್ತ ದಿನ ತುಂಬಾಕತ್ತಾವು."

"ನಿನ್ನ ಜಾಗಾದಾಗ ಇನ್ನೊಬ್ಬರು ಕುಂದ್ರಬೇಕಲ್ಲ ಯವ್ವಾ."

ಹೇಳುವಾಗ ಅವನಿಗೇ ಕಸಿವಿಸಿಯಾಯಿತು. ಆದರೆ ಗೌಡರಿಗೆ ಮಾತು ಕೊಟ್ಟಾಗಿತ್ತು.

ಗದಿಗೆವ್ವ ಪಾಟಿಯನ್ನು ಅಲ್ಲೇ ಇಟ್ಟು ಹೋದಳು. ಕಂಬಕ್ಕೊರಗಿ ಕುಳಿತಿದ್ದ ಅಜ್ಜಾರು ಎಲ್ಲವನ್ನೂ ನೋಡಿದರು, ಏನೂ ಅನ್ನಲಿಲ್ಲ. ಅದನ್ನು ಒಪ್ಪಿಗೆ ಎಂದುಕೊಂಡ ಚನ್ನವೀರ.

ವಾರಕ್ಕೊಮ್ಮೆ ಅವನು ಹೊಳೆ ದಾಟಿ ಆಚೆ ಊರಿನ ಶಾಸ್ತ್ರಿಗಳ ಹತ್ತಿರ ತರ್ಕದ ಪಾಠ ಹೇಳಿಸಿಕೊಳ್ಳುತ್ತಿದ್ದ. ಮರುದಿನ ಆ ಪಾಠದ ದಿನ. ಬೆಳಿಗ್ಗೆ ದಂಡೆಗೆ ಬಂದರೆ ಹರಿಗೋಲಿನಲ್ಲಿ ಅಜ್ಜಾರು ಆಗಲೇ ಕುಳಿತಿದ್ದರು. ಅವನು ಕಾಲಿಡಲು ಹೋದ. ಅವರು ಊರುಗೋಲನ್ನು ಅಡ್ಡ ಹಿಡಿದರು.

"ಎಲ್ಲಿಗೆ?"

"ಶಾಸ್ತ್ರಿಗಳ ಹತ್ರ ಅಜ್ಜಾರ. ಪಾಠ ಐತ್ರಿ."

"ನಿನಗ ಓದಾಕ ಬರತೈತಲ್ಲ?"

"ಬರತೈತ್ರಿ."

"ಮತ್ಯಾಕ ಹೋಗ್ತಿ?"

"ತಿಳಕೊಳ್ಳೋದು ಇನ್ನೂ ಭಾಳ…"

ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

ಅಜ್ಜಾರು ಅಂಬಿಗನ ಕಡೆ ತಿರುಗಿದರು. "ಹನಮಾ, ಇವನ ಜಾಗಾದಾಗ ಇನ್ನೊಬ್ಬರನ್ನ ಕುಂದ್ರಸು."

ಹನಮ ಹರಿಗೋಲಿನ ಖಾಲಿ ಜಾಗವನ್ನೊಮ್ಮೆ ನೋಡಿದ, ಖಾಲಿ ದಂಡೆಯನ್ನೊಮ್ಮೆ ನೋಡಿದ. "ಇನ್ನೊಬ್ಬರು ಯಾರೂ ಇಲ್ಲಲ್ರಿ ಅಜ್ಜಾರ."

"ಹಂಗಾದ್ರ ಖಾಲಿ ಇರಲಿ. ನಡಿ."

ಹರಿಗೋಲು ಹೋಯಿತು. ಪಾಠ ತಪ್ಪಿತಲ್ಲ ಎಂದು ಚನ್ನವೀರನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಗದಿಗೆವ್ವನಿಗೂ ಹೀಗೇ ಆಗಿರಬೇಕು ಅನ್ನಿಸಿ ತುಂಬಾ ನಾಚಿಕೆಯಾಯಿತು.

ಅವನು ನೆಟ್ಟಗೆ ಅವಳ ಮನೆಗೆ ಹೋದ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತುಂಬು ಬಸುರಿ ಮಗಳು ಪಕ್ಕದಲ್ಲಿ ಗೋಡೆಗೆ ಒರಗಿದ್ದಳು.

"ತಪ್ಪಾತು ಯವ್ವಾ. ಸಂಜಿಗೆ ಬಾ. ಆ ಪುಸ್ತಕ ನಾನೂ ಓದಿಲ್ಲ. ಇಬ್ಬರೂ ಕೂಡಿ ಓದೂಣು."

ಗದಿಗೆವ್ವ ಮೊರವನ್ನು ಕೆಳಗಿಟ್ಟಳು. "ಗೌಡ್ರು ಏನಂತಾರ?"

"ಅದನ್ನ ನಾ ನೋಡ್ಕೋತೀನಿ," ಎಂದ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಇಳಿಹೊತ್ತಿಗೆ ಹರಿಗೋಲು ಮರಳಿ ಬಂತು. ಚನ್ನವೀರ ನೀರಿಗಿಳಿದು ಅಜ್ಜಾರ ಕೈ ಹಿಡಿದು ಇಳಿಸಿಕೊಂಡ.

"ಗದಿಗೆವ್ವನ್ನ ಕರದು ಬಂದೀನ್ರಿ ಅಜ್ಜಾರ."

"ಚಲೋ ಆತು."

"ಆದ್ರ ಗೌಡ್ರಿಗೆ ಏನ ಹೇಳ್ಲಿ? ಎಣ್ಣಿ ಕೊಡೋದು ಊರು. ಸಾಲಿ ಎಂದ ಮುಗೀತೈತಿ ಅಂತ ಮತ್ತ ಕೇಳ್ತಾರ. ಅವರು ಕೇಳೋದೂ ತಪ್ಪಲ್ಲ."

ಅಜ್ಜಾರು ಒದ್ದೆಯಾದ ಪಂಚೆಯ ಅಂಚನ್ನು ಹಿಂಡಿಕೊಂಡರು.

"ಈ ಊರಾಗ ಕೂಸು ಹುಟ್ಟೋದು ನಿಂತ ದಿನ ಮುಗೀತೈತಿ ಅಂತ ಹೇಳು."