ಬೀರುವಿನೊಳಗಿನ ವಾಕರ್

ಒಂದು ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರ ಬೀರುವಿನಲ್ಲಿ ಒಂದು ವಾಕರ್ ಇತ್ತು. ಕಾಲಿನಲ್ಲಿ ಬಲವಿಲ್ಲದ ಮಕ್ಕಳು ಹಿಡಿದು ನಡೆಯಲಿ ಅಂತ ಬಂದದ್ದು. ಆದರೆ ಮಕ್ಕಳ ಕೈಗೆ ಕೊಟ್ಟರೆ ಹಾಳಾದೀತು, ಸಾಹೇಬರು ತಪಾಸಣೆಗೆ ಬಂದಾಗ ಹೊಸದಾಗಿಯೇ ಕಾಣಬೇಕು ಅಂತ ಮೇಷ್ಟ್ರು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಬೀಗ ಜಡಿದಿದ್ದರು.

ವಾಕರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಿಂಚನಾ ಎಂಬ ಹುಡುಗಿ ಜಗಲಿಯ ಮೇಲೆ ಅಂಬೆಗಾಲಿಟ್ಟು ತರಗತಿಗೆ ಹೋಗುವ ಸದ್ದು ಕೇಳಿದಾಗಲೆಲ್ಲ ಒಳಗಿನಿಂದ ಬಾಗಿಲು ಗುದ್ದುತ್ತಿತ್ತು.

"ಬೀಗಣ್ಣ, ದಯವಿಟ್ಟು ಬಿಡು. ಆ ಮಗು ನನ್ನನ್ನು ಹಿಡಿದು ನಡೆಯಬೇಕು."

"ಗಲಾಟೆ ಮಾಡಬೇಡ," ಎಂದಿತು ಬೀಗ. "ನಿನ್ನ ಮೈಮೇಲೆ ಒಂದಾದರೂ ಗೀರು ಬಿದ್ದಿದೆಯೇ? ನನ್ನ ಕಾವಲು ಅಂದರೆ ಹಾಗೆ."

ವರ್ಷ ಕಳೆದ ಮೇಲೆ, ಮಕ್ಕಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಮೇಡಂ ಮತ್ತೆ ಆ ಶಾಲೆಗೆ ಬಂದರು. ಬಂದವರೇ ಹಟ ಹಿಡಿದು ಬೀರು ತೆಗೆಸಿದರು. ವಾಕರ್ ಆತುರಾತುರವಾಗಿ ಈಚೆ ಬಂತು. ಆದರೆ ಮಡಚಿದ ಕಾಲು ಬಿಚ್ಚಲೇ ಇಲ್ಲ. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಮೇಡಂ ಒಂದಿಷ್ಟು ಎಣ್ಣೆ ಬಿಟ್ಟು ಅಲ್ಲಾಡಿಸಿದರು. ಕಾಲು ಬಿಚ್ಚಿಕೊಂಡವು.

"ನೋಡಿದೆಯಾ?" ಎಂದಿತು ಬೀಗ. "ಏನು ಕೆಟ್ಟುಹೋಯಿತು ಈಗ?"

ಅಷ್ಟರಲ್ಲಿ ಮೇಡಂ ಸಿಂಚನಾಳ ಪಕ್ಕ ಕೂತು ಅವಳ ಮೊಣಕಾಲನ್ನು ಮೆಲ್ಲಗೆ ಚಾಚಿಸಲು ನೋಡಿದರು. ಅರ್ಧಕ್ಕೇ ನಿಂತಿತು. ಹುಡುಗಿ ಚೀರಿದಳು.

"ಹೋದ ವರ್ಷ ಇದು ನೆಟ್ಟಗಾಗುತ್ತಿತ್ತಲ್ಲ ಮಗಳೇ!" ಎಂದರು ಮೇಡಂ.

ವಾಕರ್ ಬೀಗದ ಕಡೆ ತಿರುಗಿತು. "ನನಗೆ ಎಣ್ಣೆ ಸಾಕಾಯಿತು. ಇವಳಿಗೆ ಏನು ಬಿಡೋಣ, ಹೇಳು."

ಬೀಗ ಬಾಯಿ ತೆರೆದುಕೊಂಡೇ ನೇತಾಡುತ್ತಿತ್ತು.