ಪುಟ್ಟ ಏಡಿ ಮರಳಿನ ಉಂಡೆ ಕಟ್ಟುವುದೇಕೆ

ಹತ್ತಿರ ಬನ್ನಿ ಮಕ್ಕಳೇ. ಇದು ಪ್ರಪಂಚದ ಮೈಯಿನ್ನೂ ಹಸಿಹಸಿಯಾಗಿದ್ದಾಗಿನ ಮಾತು. ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಕಡಲು ಮಾತ್ರ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತು ಹೋಗುವವರನ್ನೂ ಬರುವವರನ್ನೂ ಮಾತಾಡಿಸುತ್ತಿತ್ತು. ಮಾತು ಶುರುವಾದರೆ ನಿಲ್ಲಿಸುವುದು ಅದಕ್ಕೆ ಗೊತ್ತಿರಲಿಲ್ಲ. ನನ್ನ ಹಾಗೆಯೇ ಅನ್ನಿ, ಪರವಾಗಿಲ್ಲ.

ಆ ಕಡಲಿನಿಂದ ವರ್ಷಕ್ಕೊಮ್ಮೆ ಆಮೆಗಳು ದಡಕ್ಕೆ ಬರುತ್ತಿದ್ದವು. ಅಲೆ ಮುಟ್ಟದಷ್ಟು ಮೇಲೆ ಹತ್ತಿ, ಒಣ ಮರಳಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ನೀರಿಗೆ ಮರಳುತ್ತಿದ್ದವು. ದಿನ ತುಂಬಿದಾಗ ಮರಿಗಳು ಮರಳು ಕೆರೆದು ಮೇಲೆ ಬಂದು, ಪುಳುಪುಳು ಓಡಿ ಕಡಲು ಸೇರುತ್ತಿದ್ದವು.

ಆಮೇಲೆ ಏನಾಯಿತೋ, ವರ್ಷದಿಂದ ವರ್ಷಕ್ಕೆ ಮರಿಗಳು ಕಡಿಮೆಯಾದವು. ಒಂದು ದಿನ ಆಮೆಗಳಲ್ಲೆಲ್ಲ ಹಿರಿಯದಾದ ದೊಡ್ಡಾಮೆ ಅಲೆಯ ಅಂಚಿಗೆ ಬಂದು ತಲೆಯೆತ್ತಿ ಹೇಳಿತು:

"ಈ ಸಲ ಮೊಟ್ಟೆಯಿಟ್ಟು ದಿನ ತುಂಬುತ್ತಾ ಬಂದಿದೆ. ಈ ಸಲವೂ ಮರಿಗಳು ಬರದಿದ್ದರೆ ನಾವ್ಯಾರೂ ಇನ್ನು ಈ ದಡಕ್ಕೆ ಬರುವುದಿಲ್ಲ."

ಕಡಲು ತನ್ನ ಅಲೆಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಿತು. ಆಮೆಗಳಿಲ್ಲದ ಕಡಲೇ?

ದಡದಲ್ಲಿ ಗಲಾಟೆಯೋ ಗಲಾಟೆ.

"ಎಲ್ಲಾ ಈ ನರಿಯ ಕೆಲಸ," ಎಂದಿತು ಕಡಲಕಾಗೆ.

"ಹೋಗೇ! ನನ್ನ ಹೊಟ್ಟೆ ಎಷ್ಟು ದೊಡ್ಡದು ಅಂದ್ಕೊಂಡೆ?" ಎಂದಿತು ನರಿ. "ನಿನ್ನ ಕೊಕ್ಕನ್ನು ಒಮ್ಮೆ ನೋಡ್ಕೊ."

"ಗಾಳಿಯದೇ ತಪ್ಪು," ಎಂದರು ಕೆಲವರು. "ನಾನೆಂತ ಮಾಡಿದೆ ಮಾರಾಯ್ರೆ?" ಎಂದು ಗಾಳಿ ಮುನಿಸಿಕೊಂಡು ತೆಂಗಿನ ಮರದ ಮೇಲೆ ಹೋಗಿ ಕೂತಿತು.

ಆಗ ಎಲ್ಲರ ಕಾಲ ಬುಡದಿಂದ ಒಂದು ಸಣ್ಣ ದನಿ ಬಂತು. ಅವರೆಕಾಳಿನಷ್ಟೇ ದೊಡ್ಡ ಏಡಿ ಅದು.

"ನೋಡದೇ ಹೇಳುವುದು ಬೇಡ. ನೋಡಿ ಹೇಳೋಣ."

"ಏನನ್ನು ನೋಡುವುದು?" ಎಂದು ಎಲ್ಲರೂ ಕೇಳಿದರು.

"ಮೊಟ್ಟೆ ಇರುವುದು ಮರಳಿನಲ್ಲಿ. ಮರಳನ್ನೇ ನೋಡೋಣ."

ಏಡಿ ಕೆಲಸ ಶುರು ಮಾಡಿತು. ಒಂದು ಚಿಟಿಕೆ ಮರಳು ಬಾಯಿಗೆ ಹಾಕಿತು. ರುಚಿ ನೋಡಿತು. ಉಂಡೆ ಕಟ್ಟಿ ಪಕ್ಕಕ್ಕಿಟ್ಟಿತು. ಇನ್ನೊಂದು ಚಿಟಿಕೆ, ಇನ್ನೊಂದು ರುಚಿ, ಇನ್ನೊಂದು ಉಂಡೆ. ಉಂಡೆ ಯಾಕೆ ಗೊತ್ತಾ? ನೋಡಿದ್ದು ಯಾವುದು, ನೋಡದೇ ಬಿಟ್ಟಿದ್ದು ಯಾವುದು ಎಂದು ಗೊತ್ತಾಗಬೇಡವೇ? ನಾವು ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದದ್ದೂ ಅದಕ್ಕೇ. ಏಡಿಗೆ ಮೊದಲೇ ಗೊತ್ತಿತ್ತು.

"ಓಹೋ, ಹೊಯ್ಗೆ ತಿನ್ನುವ ಪಂಡಿತರು ಬಂದರು!" ಎಂದು ಕಡಲಕಾಗೆ ನಕ್ಕಿತು. "ಉಪ್ಪು ಸಾಕಾ, ಒಂಚೂರು ಖಾರ ಬೇಕಾ?"

ಏಡಿ ತಲೆಯೆತ್ತಲಿಲ್ಲ. ಅಲೆಯ ಅಂಚಿನಿಂದ ಅಡುಂಬು ಬಳ್ಳಿ ಹಬ್ಬಿದ ದಿಬ್ಬದವರೆಗೆ ನೋಡುತ್ತಾ ಹೋಯಿತು. ಬಳ್ಳಿಯ ಬುಡದಲ್ಲಿ ಮರಳು ಸಡಿಲ. ಅಲ್ಲಿದ್ದ ಒಂದು ಗೂಡಿನಿಂದ ಮರಿಗಳು ಸಲೀಸಾಗಿ ಮೇಲೆ ಬರುತ್ತಿದ್ದವು. ಪಕ್ಕದಲ್ಲಿ ಊರಿನವರು ದೋಣಿ ಎಳೆದಿಡುವ ಜಾಗ. ಅಲ್ಲಿ ನಿಂತಿದ್ದ ದೊಡ್ಡ ದೋಣಿಯ ಕೆಳಗೆ ಮರಳು ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿತ್ತು. ಏಡಿ ಕಿವಿ ಕೊಟ್ಟು ಕೇಳಿತು.

ಕರ್... ಕರ್... ಕರ್...

ಕೆಳಗೆ ದೊಡ್ಡಾಮೆಯ ಮರಿಗಳು ಕೆರೆಯುತ್ತಿದ್ದವು. ಮೊಟ್ಟೆಯಿಂದ ಹೊರಬಂದಿದ್ದವು, ಮರಳಿನಿಂದ ಹೊರಬರಲಾಗುತ್ತಿರಲಿಲ್ಲ. ನರಿಯಲ್ಲ, ಕಡಲಕಾಗೆಯಲ್ಲ, ಗಾಳಿಯೂ ಅಲ್ಲ. ದೋಣಿಯ ಭಾರ!

ಏಡಿ ಅಡ್ಡಡ್ಡ ಓಡಿ ಜಟ್ಗ ತಾಂಡೇಲನ ಮುಂದೆ ನಿಂತಿತು. ತಾಂಡೇಲ ಅಂದರೆ ಮೀನುಗಾರರ ತಂಡದ ಯಜಮಾನ. ಅವನ ತಂಡದ್ದು ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಕಡಲನ್ನೇ ಬಳಸುವ ಹಾಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರೆಲ್ಲ ಸೇರಿ ಎಳೆಯುವ ಭಾರೀ ಬಲೆ.

"ತಾಂಡೇಲರೇ, ಮೇಲಿರುವ ಆ ದೊಡ್ಡ ದೋಣಿ ಎತ್ತಿಸಿ. ಕೆಳಗೆ ಮರಿಗಳು ಸಿಕ್ಕಿಬಿದ್ದಿವೆ."

"ಎಂತದಾ ನಿಂದು? ಕೆಳಗಿಟ್ಟ ಹಿಂದಿನ ದೋಣಿಯನ್ನು ಕಡಲು ಉಕ್ಕುವ ಭರತದ ನೀರು ಎಳ್ಕೊಂಡು ಹೋಯ್ತು. ಅದಕ್ಕೇ ಮೇಲಿಟ್ಟದ್ದು. ಈಗ ಬಲೆ ಎಳೆಯುವ ಹೊತ್ತು. ನಡಿ ಆಚೆ!"

"ಮರಿಗಳು ಸಾಯ್ತವೆ ತಾಂಡೇಲರೇ."

"ಈ ಹೊಯ್ಗೆಯಲ್ಲಿ ನಿನಗೆಂತ ಪಾಲಿದೆ ಅಂತ ಮಾತಾಡ್ತೀಯ?"

ಪಾಲು! ಏಡಿಯ ಕಣ್ಣುಗಳು ಕಡ್ಡಿಯ ಮೇಲೆ ನೆಟ್ಟಗೆ ನಿಂತವು. ರಂಪಣಿಯಲ್ಲಿ ಒಂದು ಕಟ್ಟಳೆ ಉಂಟು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮುದುಕರಾಗಲಿ, ದಾರಿಹೋಕರಾಗಲಿ, ಕೈ ಹಾಕಿದರೆ ಪಾಲು.

ಏಡಿ ಓಡಿಹೋಗಿ ತನ್ನವರನ್ನೆಲ್ಲ ಕೂಗಿತು. ಬಿಲಬಿಲದಿಂದ ಏಡಿಗಳು ಹೊರಟವು. ದಡಕ್ಕೆ ದಡವೇ ಹರಿದಾಡಿತು. ಎರಡೂ ಹಗ್ಗಗಳ ಉದ್ದಕ್ಕೂ ಸಾಲಾಗಿ ಕೊಂಡಿ ಹಾಕಿ ನಿಂತವು. "ಐಲೇಸಾ!" ಎಂದಿತು ಊರು. "ಐಲೇಸಾ!" ಎಂದವು ಏಡಿಗಳು. ಎಷ್ಟು ಎಳೆದವೋ ದೇವರಿಗೇ ಗೊತ್ತು. ಎಳೆದದ್ದಂತೂ ನಿಜ. ಬಲೆ ದಡಕ್ಕೆ ಬಂತು, ಬಂಗುಡೆಗಳು ಬೆಳ್ಳಗೆ ಮಿಂಚಿದವು.

ಪಾಲು ಹಂಚುವವಳು ಮಾಸ್ತಕ್ಕ, ಜಟ್ಗನ ದೊಡ್ಡಕ್ಕ. ಬುಟ್ಟಿ ಹಿಡಿದು ಬಂದವಳ ಕಾಲಿನ ಮುಂದೆ ಏಡಿ ನಿಂತಿತು.

"ನಮ್ಮ ಪಾಲು, ಅಕ್ಕಾ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ತಕ್ಕ ನಗಲಿಲ್ಲ.

"ಹಗ್ಗ ಮುಟ್ಟಿದ್ದನ್ನು ನಾನೇ ನೋಡಿದೆ. ಎಷ್ಟು ಮೀನು ಬೇಕಪ್ಪಾ?"

"ಒಂದೂ ಬೇಡ. ಮೇಲಿನ ಒಣ ಮರಳು ಬೇಕು, ಆಮೆಗಳಿಗೆ. ಮತ್ತೆ ಆ ದೋಣಿ ಈಗಲೇ ಎತ್ತಬೇಕು."

"ಅಕ್ಕಾ, ನೀನೂ ಅದರ ಮಾತು ಕೇಳ್ತಾ ಕೂತ್ಯಾ?" ಜಟ್ಗ ಕೈ ಬೀಸಿದ. "ದೋಣಿ ಎಲ್ಲಿ ಇಡಲಿ? ನಿನ್ನ ಅಡುಗೆಮನೆಯಲ್ಲಾ?"

"ತೆಂಕಣದ ಬಂಡೆಯ ಹಿಂದೆ," ಎಂದಿತು ಏಡಿ. "ಅಲ್ಲಿ ಮರಳಿಗೆ ಕೆಸರು ಸೇರಿದೆ, ಆಮೆಗೆ ಆಗಿಬರುವುದಿಲ್ಲ. ಭರತದ ನೀರೂ ಅಲ್ಲಿಗೆ ಬಂದಿಲ್ಲ. ಉಪ್ಪಿನ ರುಚಿಯೇ ಇಲ್ಲ, ತಿಂದು ನೋಡಿದ್ದೇನೆ."

"ಹೌದಾ?" ಎಂದು ಜಟ್ಗ ಕಡಲನ್ನೇ ಕೇಳಿದ.

"ಹೌದು," ಎಂದಿತು ಕಡಲು. ಜನ್ಮದಲ್ಲಿ ಮೊದಲ ಸಲ ಒಂದೇ ಮಾತಿನಲ್ಲಿ ಮುಗಿಸಿತು.

"ಕಟ್ಟಳೆ ಮಾಡಿದ್ದು ನೀನೇ ತಮ್ಮಾ," ಎಂದಳು ಮಾಸ್ತಕ್ಕ. "ನಿನಗೆ ಬೇಕಾದಾಗ ಒಂದು, ಬೇಡದಾಗ ಒಂದಾ?"

ಜಟ್ಗ ತಲೆ ಕೆರೆದುಕೊಂಡ. ದಿಬ್ಬ ಹತ್ತಿ ದೋಣಿಯ ಬದಿಗೆ ಕಿವಿಯಿಟ್ಟ. ಕರ್... ಕರ್... ಈಗ ಸದ್ದು ಬಹಳ ಮೆಲ್ಲಗಾಗಿತ್ತು. ಅವನ ಮುಖವೇ ಬದಲಾಯಿತು.

"ಏಯ್, ಮೀನು ಅಲ್ಲೇ ಬಿಡಿ! ಎಲ್ಲರೂ ಬನ್ನಿ! ಎಲ್ಲರೂ!"

"ಐಲೇಸಾ!" ದೋಣಿ ಅಲುಗಿತು. "ಐಲೇಸಾ!" ದೋಣಿ ಎದ್ದಿತು. ಗಟ್ಟಿ ಮರಳನ್ನು ಜನ ಬೆರಳಿನಿಂದ ಬಿಡಿಸಿದರು, ಏಡಿಗಳು ಕೊಂಡಿಯಿಂದ ಬಿಡಿಸಿದವು. ಮೊದಲು ಒಂದು ಮೂಗು ಕಂಡಿತು. ಆಮೇಲೆ ಒಂದು ರೆಕ್ಕೆಗಾಲು. ಆಮೇಲೆ ನೋಡಿ, ಬುಳಬುಳನೆ ಮರಿಗಳು ಉಕ್ಕಿದವು!

ಗಾಳಿ ಮುನಿಸು ಮರೆತು ಮರದಿಂದಿಳಿದು, ಮರಿಗಳ ಬೆನ್ನಿನ ಮರಳು ಊದಿತು. ಮಾಸ್ತಕ್ಕ ಬುಟ್ಟಿ ಬೀಸಿ ಹಕ್ಕಿಗಳನ್ನು ಓಡಿಸಿದಳು. ಕಡಲಕಾಗೆ ಮಾತ್ರ ತಾನಾಗಿಯೇ ಬೆನ್ನು ತಿರುಗಿಸಿ ಕೂತಿತು, ಪಾಪ, ಬಹಳ ಕಷ್ಟಪಟ್ಟು. ಅಲೆಯ ಆಚೆ ದೊಡ್ಡಾಮೆ ತಲೆಯೆತ್ತಿ ನೋಡುತ್ತಲೇ ಇತ್ತು.

"ಮುಂದಿನ ವರ್ಷ ಬರ್ತೇವೆ," ಎಂದಿತು.

ಆಗ ಜಟ್ಗ ಏಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಮೇಲಿನ ಮರಳು ಆಮೆಗಳದ್ದು, ಆಯ್ತು. ಆದರೆ ಮುಂದೆ ಮತ್ತೆ ಹೀಗಾಗುತ್ತಿದ್ದರೆ ನಮಗೆ ಗೊತ್ತಾಗುವುದು ಹೇಗೆ? ನಮ್ಮದು ದಪ್ಪ ಚರ್ಮದ ಕಾಲು."

"ನಾವು ನೋಡ್ತೇವೆ," ಎಂದಿತು ಏಡಿ. "ಮೇಲೆ ಬಂದು ತುಳಿಯುವುದಿಲ್ಲ, ಕೆಳಗಿನ ಹಸಿ ಮರಳಿನಲ್ಲೇ ಇರ್ತೇವೆ. ದೋಣಿಯಾಗಲಿ ಆಮೆಯಾಗಲಿ, ಕಡಲಿನಿಂದ ಬರುವುದೆಲ್ಲ ಮೊದಲು ಮುಟ್ಟುವುದು ಅದನ್ನೇ. ನೀರು ಇಳಿದಾಗಲೆಲ್ಲ ನೋಡಿ ಉಂಡೆ ಕಟ್ಟಿಡ್ತೇವೆ."

"ನಾನು ಬಂದು ಅಳಿಸಿಬಿಡ್ತೇನಲ್ಲ?" ಎಂದಿತು ಕಡಲು.

"ಅಳಿಸು. ನಿನ್ನೆಯ ಮರಳು ನಿನ್ನೆಗಾಯಿತು. ಇವತ್ತಿನದನ್ನು ಇವತ್ತು ನೋಡಬೇಕು."

ಆ ಉಂಡೆಗಳು ಏಡಿ ಊಟ ಮಾಡಿ ಉಗುಳಿದ ಮರಳು ಅಷ್ಟೇ ಎಂದು ಪುಸ್ತಕದವರು ಹೇಳುತ್ತಾರೆ. ಊಟವೂ ಹೌದು ಬಿಡಿ, ಹೊಟ್ಟೆ ಯಾರಿಗಿಲ್ಲ? ಆದರೂ ನೀರು ಇಳಿದ ಹೊತ್ತಿನಲ್ಲಿ ನೀವು ಕಡಲತೀರಕ್ಕೆ ಹೋದರೆ, ಹಸಿ ಮರಳಿನ ಮೇಲೆ ಬಿಲದ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆಗಳು ಸಾಲುಸಾಲಾಗಿ ಹೂವಿನ ಹಾಗೆ ಹರಡಿರುತ್ತವೆ. ಅಂದು ಕೊಟ್ಟ ಮಾತಿನಂತೆ ಪುಟ್ಟ ಏಡಿ ಇವತ್ತಿನ ಮರಳನ್ನು ನೋಡಿ ಮುಗಿಸಿದೆ, ಆದ್ದರಿಂದ ಮಕ್ಕಳೇ, ಉಂಡೆಗಳನ್ನು ತುಳಿಯದೆ ಸ್ವಲ್ಪ ಬಳಸಿಕೊಂಡು ನಡೆಯಿರಿ.