ಕೈಕುಂಕುಮದಮ್ಮನ ಕಟ್ಟೆ

ಮಾಳಗುಂದದ ಅರಮನೆಯ ಹಳೆಯ ಕುದುರೆ ಲಾಯವೇ ಈಗ ಸಾರೋಟುಗಳ ವಸ್ತುಸಂಗ್ರಹಾಲಯ. ಬೆಳ್ಳಿ ತಗಡಿನ ಸಾರೋಟು, ಬೇಟೆಯ ಗಾಡಿ, ರಾಣಿವಾಸದ ಪರದೆ ಗಾಡಿ, ಎಲ್ಲವೂ ಮೂಕಿಯನ್ನು ನೆಲಕ್ಕೂರಿ ಸಾಲಾಗಿ ನಿಂತಿವೆ. ಎಳೆಯುವ ಜೀವಗಳಿಲ್ಲ, ಏರುವವರೂ ಇಲ್ಲ. ಅಲ್ಲಿಂದ ಹರದಾರಿ ದೂರದಲ್ಲಿ, ಹಳೆಯ ಗಾಡಿದಾರಿಯ ಮಗ್ಗುಲಿಗೆ, ಊರ ದೇವತೆಯಾದ ತಾಯಿಯ ಕಟ್ಟೆಯಿದೆ. ಅದಕ್ಕೆ ಕೈಕುಂಕುಮದಮ್ಮನ ಕಟ್ಟೆ ಎಂಬ ಹೆಸರು ಬಂದದ್ದು ಆ ಪರದೆ ಗಾಡಿಯಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸಂಸ್ಥಾನದಲ್ಲಿ ಲಿಂಗಾಜಮ್ಮಣ್ಣಿ ಎಂಬ ರಾಣಿಯಿದ್ದಳು. ಮಹಾ ದೈವಭಕ್ತೆ. ತನ್ನ ಪರದೆ ಗಾಡಿಯ ಜೋಡಿ ಕುದುರೆಗಳಿಗೆ ಮರಿಯಿದ್ದಾಗಿನಿಂದಲೇ ಒಂದು ರೂಢಿ ಮಾಡಿಸಿದ್ದಳು. ಕಟ್ಟೆಯ ಮುಂದೆ ಅವು ನಿಲ್ಲಬೇಕು, ಪೂಜಾರಿ ಹಣೆಗೆ ಕುಂಕುಮವಿಟ್ಟ ಮೇಲೆಯೇ ಹೆಜ್ಜೆ ತೆಗೆಯಬೇಕು. ಅಲ್ಲಿ ಚಬುಕಿಗೂ ಅವು ಮಣಿಯುತ್ತಿರಲಿಲ್ಲವಂತೆ. ರಾಣಿಗೆ ಚೊಚ್ಚಲ ಹೆರಿಗೆಯ ನೋವು ಎದ್ದು, ಮಗು ಅಡ್ಡ ತಿರುಗಿದೆ ಎಂದು ತಿಳಿದಾಗ, ಸಾರೋಟು ಹೊಡೆಯುವ ಗೌಸ್ ಸಾಬಿ ಅದೇ ಗಾಡಿ ಹೂಡಿಕೊಂಡು ಪಕ್ಕದ ಹಳ್ಳಿಯ ಮುದುಕಿ ಸೂಲಗಿತ್ತಿ ಪುಟ್ಟೀರಮ್ಮನನ್ನು ಕರೆತರಲು ಹೋದ. ಹೋಗುವಾಗ ಕಟ್ಟೆಯಲ್ಲಿ ಪೂಜಾರಿಯಿದ್ದ. ಮರಳುವಾಗ ಕುಂಕುಮದ ಬಟ್ಟಲಿತ್ತು, ಪೂಜಾರಿಯಿರಲಿಲ್ಲ. ಕುದುರೆಗಳು ನಿಂತುಬಿಟ್ಟವು. ಹರದಾರಿ ನಡೆಯುವ ಶಕ್ತಿ ಮುದುಕಿಯ ಕಾಲಿಗಿರಲಿಲ್ಲ.

"ಏನು ಮಗಾ, ನಿನ್ನ ಕುದುರೆಗೆ ನನಗಿಂತ ಹೆಚ್ಚು ಮಡಿಯಾ? ಆ ಕುಂಕುಮ ನೀನೇ ಇಡು" ಎಂದಳು ಅವಳು.

"ಅಮ್ಮನವರ ಬಟ್ಟಲು ಸಾಬಿ ಹೆಂಗೆ ಮುಟ್ಟಾನವ್ವಾ? ನೀವೇ ಇಡಿ."

"ಗಂಡ ಸತ್ತವಳು ಕಣಪ್ಪಾ ನಾನು. ಬಸುರಿ ಮನೆಗೆ ಹೋಗೋ ಗಾಡಿಗೆ ನನ್ನ ಕೈ ಕುಂಕುಮವೇ?"

ಇಬ್ಬರದೂ ಭಕ್ತಿಯೇ. ತಾಯಿಗೆ ಅಪಚಾರವಾದೀತೆಂದು ಅಂಜಿ ಇಬ್ಬರೂ ಪೂಜಾರಿಯ ದಾರಿ ಕಾದರು. ಹೊತ್ತು ಇಳಿಯಿತು. ಕೊನೆಗೆ ಪುಟ್ಟೀರಮ್ಮ ಕಣ್ಣು ಮುಚ್ಚಿ, ಬಟ್ಟಲಿಗೆ ಬೆರಳದ್ದಿ, ಎರಡೂ ಹಣೆಗೆ ಇಟ್ಟಳು. ಕುದುರೆಗಳು ಒಡನೆ ಹೊರಟವು. ಕುಂಕುಮ ಯಾರ ಕೈಯದೆಂದು ಅವು ಕೇಳಲಿಲ್ಲ. ಅರಮನೆ ಮುಟ್ಟುವಷ್ಟರಲ್ಲಿ ರಾಣಿಯ ಉಸಿರು ನಿಂತಿತ್ತು. ಮಗುವೂ ಉಳಿದಿರಲಿಲ್ಲ.

ದೊರೆ ಯಾರನ್ನೂ ದಂಡಿಸಲಿಲ್ಲ ಎನ್ನುತ್ತಾರೆ. ಕಟ್ಟೆಯ ಪೂಜಾರಿಕೆಯನ್ನು ನಿಲ್ಲಿಸಿ, ಬಂದವರು ಯಾರೇ ಆಗಲಿ, ತಮ್ಮ ಕೈಯಿಂದಲೇ ಕುಂಕುಮವಿಡಲಿ ಎಂದು ಅಪ್ಪಣೆ ಮಾಡಿದನಂತೆ. ಅಂದು ಗಾಡಿಯನ್ನು ತಾಯಿಯೇ ತಡೆದಳು ಎನ್ನುವವರೂ ಉಂಟು. ಅಂಥ ಮಾತು ಆಡಬಾರದು. ಅವಳು ಬಟ್ಟಲನ್ನು ಮುಂದಿಟ್ಟುಕೊಂಡೇ ಕೂತಿದ್ದಳಲ್ಲವೇ?

ಸಾರೋಟುಗಳನ್ನು ನೋಡಿ ಈ ದಾರಿಯಲ್ಲಿ ಬಂದವರಿಗೆ ತೆರೆದ ಬಟ್ಟಲು ಇಂದಿಗೂ ಕಾಣುತ್ತದೆ. ಬರಿಹಣೆಯ ಹೆಂಗಸರು ಅದರ ಹತ್ತಿರ ಬಂದು, ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡುತ್ತಾರೆ. ಕೆಲವರು ಬೆರಳದ್ದಿ ತಾಯಿಗೆ ಇಡುತ್ತಾರೆ. ಹಲವರು ದೂರದಿಂದಲೇ ಕೈಮುಗಿದು ಹೊರಟುಬಿಡುತ್ತಾರೆ.